ಕಬ್ಬಿಣದ ರಜೆಯ ದಿನ

ಆಗೆಲ್ಲ ನಮ್ಮೂರಲ್ಲಿ ಆಯುಧಪೂಜೆಯೆಂದರೆ ಕಬ್ಬಿಣಕ್ಕೆ ರಜೆ. ನೇಗಿಲು, ಗುದ್ದಲಿ, ಕುಡುಗೋಲು ಎಲ್ಲ ಹಿಂದಿನ ದಿನವೇ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದವು. ಕುಂಕುಮ ಬಿದ್ದ ಮೇಲೆ ಮಾರನೆಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಗಾಡಿಗಳಿಗೆ ಮಾತ್ರ ಈ ಕಟ್ಟಿಲ್ಲ, ಪೂಜೆಯಾದ ಮೇಲೆ ಓಡಿಸಬಹುದು. ಈಳಿಗೆಮಣೆಗೂ ರಜೆಯಾದ್ದರಿಂದ ತರಕಾರಿ ಹೆಚ್ಚುವ ಮಾತಿಲ್ಲ. ನಮಗೆ ಲಂಗದ ಮಡಿಲ ತುಂಬ ಕಡ್ಲೆಪುರಿ, ಮಧ್ಯಾಹ್ನಕ್ಕೆ ಒಬ್ಬಟ್ಟು. ಪಾಂಡವಪುರದ ಕಡೆಯಿಂದ ಗಾಳಿ ಬೀಸಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಚೆಂಡುಹೂವಿನ ವಾಸನೆಯ ಜೊತೆ ಬೆರೆಯುತ್ತಿತ್ತು. ಆ ಸೀಮೆಯವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ.

ನಾನು ಹೇಳಹೊರಟಿರುವುದು ನಮ್ಮ ಮನೆಗೆ ಕಾರು ಬಂದ ವರ್ಷದ ಹಬ್ಬ. ತೊಂಬತ್ತರ ದಶಕದ ನಡುವಿನ ಮಾತು, ನನಗಾಗ ಹತ್ತು ವರ್ಷ. ಅಪ್ಪ ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರು ತಂದಿದ್ದ. ಅದನ್ನು ಓಡಿಸುವುದಕ್ಕಿಂತ ಅದರ ಪಕ್ಕದಲ್ಲಿ ನಿಂತುಕೊಳ್ಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಹಬ್ಬದ ದಿನ ಬೆಳಗಿನ ಬಸ್ಸಿಗೇ ಅವ್ವನ ತವರಿನಿಂದ ಒಬ್ಬರು ಬಂದರು. ತವರು ನಾಗಮಂಗಲದ ಆಚೆ ಒಂದು ಹಳ್ಳಿ. ತಾತನಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾನೆ ಎಂದರು. ಅವ್ವ ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅಲ್ಲಿನ ಒಂದು ಮದುವೆಯಲ್ಲಿ ಅಪ್ಪನನ್ನು ಎರಡನೆಯ ಪಂಕ್ತಿಗೆ ಕೂರಿಸಿದರೆಂದು ಇವನು ಎಲೆ ಬಿಟ್ಟೆದ್ದು ಬಂದಿದ್ದ. ಅಷ್ಟಕ್ಕೇ ಅಳಿಯ ಮಾವ ಮಾತು ಬಿಟ್ಟರು. ಶಿಕ್ಷೆಯೆಲ್ಲ ಅವ್ವನಿಗೆ.

ಅವ್ವ ಆ ಬಂದವರ ಜೊತೆಗೇ ಬಸ್ಸಿಗೆ ಹೊರಟು ನಿಂತಳು. ಅಪ್ಪನಿಗೂ ಮನಸ್ಸು ಕರಗಿತ್ತು, ಆದರೆ ಕರಗಿದ ಮನಸ್ಸು ಕಾರಿನಲ್ಲೇ ಹೋಗಬೇಕಿತ್ತು. "ಪೂಜೆ ಮುಗಿಸ್ಕಂಡು ಎಲ್ಲಾರೂ ಕಾರಲ್ಲೇ ಓಗವ. ಬಸ್ಸಲ್ಲಿ ಯಾಕ್ ನೇತಾಡೀಯೆ" ಎಂದ. ಬಂದವರು ಕಾಫಿ ಕುಡಿದು ಒಬ್ಬರೇ ಹೋದರು. ಅವ್ವ ತಾತನಿಗೆಂದು ಎರಡು ಒಬ್ಬಟ್ಟು ಡಬ್ಬಿಗೆ ಹಾಕಿಕೊಂಡಳು.

ಕಾರಿಗೆ ಬಾಳೆಕಂದು ಕಟ್ಟಿದ್ದಾಯಿತು. ಕೀಲಿಯನ್ನು ಅಜ್ಜಿ ಒಳಗೆ ಕುಡುಗೋಲಿನ ಪಕ್ಕ ದೇವರ ಮುಂದೆ ಇಟ್ಟಿದ್ದಳು. ನಾಲ್ಕು ಚಕ್ರದಡಿ ನಿಂಬೆಹಣ್ಣು ಇಡುವ ಕೆಲಸ ನನ್ನದು. ಮುಂದಿನ ಚಕ್ರಗಳು ಜಗಲಿಯ ಕಡೆಗೆ ಸೊಟ್ಟಗೆ ತಿರುಗಿದ್ದವು. ಹಣ್ಣು ಪಕ್ಕಕ್ಕೆ ಜಾರುತ್ತಿತ್ತು. ಚಕ್ರ ನೆಟ್ಟಗಿರಬೇಕು ಎಂದಳು ಅಜ್ಜಿ. ಚಿಕ್ಕಪ್ಪ ಒಳಗೆ ಕೈ ಹಾಕಿ, ಕೀಲಿಯಿಲ್ಲದ ಸ್ಟೇರಿಂಗನ್ನು ಎತ್ತಿನ ಕೋಡು ಹಿಡಿದವನ ಹಾಗೆ ಬಲವಾಗಿ ತಿರುಗಿಸಿದ. ಟಕ್ ಎಂದಿತು. ನಾನು ಆ ಸದ್ದು ಕೇಳಿಸಿಕೊಂಡು ಇನ್ನೊಂದು ನಿಂಬೆಹಣ್ಣು ಇಟ್ಟೆ.

ಮಂಗಳಾರತಿಯಾಗಿ, ಬೂದುಗುಂಬಳ ಒಡೆದು, ಅಪ್ಪ ಕೀಲಿ ಹಾಕಿದರೆ ತಿರುಗಲೇ ಇಲ್ಲ. ಸ್ಟೇರಿಂಗೂ ಅಲ್ಲಾಡಲಿಲ್ಲ. ಅಪ್ಪ ಬೆವೆತ, ಚಿಕ್ಕಪ್ಪ ಬೆವೆತ, ನೋಡಲು ಬಂದವರೆಲ್ಲ ಒಂದೊಂದು ಕೈ ನೋಡಿದರು. ಕೊನೆಗೆ ಅಜ್ಜಿ ಬಾಗಿಲಲ್ಲಿ ನಿಂತು ಅಂದಳು: "ದೇವ್ರು ಅಡ್ಡ ನಿಂತವ್ನೆ ಕಣ್ರಪ್ಪ. ಇವತ್ತು ಮನೆ ಬುಟ್ಟು ಕದಲ್‌ಬ್ಯಾಡಿ." ಅಲ್ಲಿಂದಾಚೆಗೆ ಎಲ್ಲರ ದನಿಯೂ ಇಳಿಯಿತು.

ಚಿಕ್ಕಪ್ಪ ಸೈಕಲ್ಲು ಹತ್ತಿ ಪಾಂಡವಪುರದ ಮೆಕ್ಯಾನಿಕ್ ಚೆಲುವಣ್ಣನ ಹತ್ತಿರ ಹೋದ. ಕಾರು ಕೆಟ್ಟಿದೆ ಬಾ ಎಂದನಂತೆ. ಚೆಲುವಣ್ಣನ ಸ್ಪ್ಯಾನರುಗಳೂ ಕುಂಕುಮ ಇಟ್ಟುಕೊಂಡು ಮಲಗಿದ್ದವು. ಇವತ್ತು ಸಾಮಾನು ಮುಟ್ಟುವ ಹಾಗಿಲ್ಲ, ನಾಳೆ ಬೆಳಿಗ್ಗೆ ಮೊದಲು ನಿಮ್ಮಲ್ಲಿಗೇ ಬರುತ್ತೇನೆ ಎಂದನಂತೆ. ಏನು ಕೆಟ್ಟಿದೆ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ.

ಸಂಜೆಗೆ ನಾಗಮಂಗಲದ ಕಡೆಗೆ ಒಂದು ಬಸ್ಸಿತ್ತು. ಅವ್ವ ಅದಕ್ಕಾದರೂ ಹೋಗಬಹುದಿತ್ತು. ಹೋಗಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ದೀಪ ಹಚ್ಚುವವರೆಗೂ ಕೂತೇ ಇದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. "ನಾ ಓದ್ರೆ ಅಪ್ಪಯ್ಯಂಗೆ ಏನಾರ ಆಗ್ಬುಟ್ರೆ, ಮಗ" ಎಂದಳು. ಅಜ್ಜಿಯ ಮಾತನ್ನು ಅವ್ವನೂ ನಂಬಿದ್ದಳು. ಅಜ್ಜಿಯ ಮೇಲೆ ವರ್ಷಗಟ್ಟಲೆ ಸಿಟ್ಟು ಮಾಡಿದ ನಾನು ಇದನ್ನು ಮಾತ್ರ ಬಹಳ ದಿನ ಮರೆತಿದ್ದೆ.

ಮಾರನೆಯ ಬೆಳಿಗ್ಗೆ ಚೆಲುವಣ್ಣ ಚೀಲದ ತುಂಬ ಸಾಮಾನು ಹೊತ್ತು ಬಂದ. ಚೀಲ ಕೆಳಗಿಟ್ಟ, ಕಾರಿನೊಳಗೆ ಕೂತ. ಎಡಗೈಯಲ್ಲಿ ಸ್ಟೇರಿಂಗನ್ನು ಒಂದಿಷ್ಟು ಪಕ್ಕಕ್ಕೆ ಒತ್ತಿ ಹಿಡಿದು ಬಲಗೈಯಲ್ಲಿ ಕೀಲಿ ತಿರುಗಿಸಿದ. ಕಾರು ಶುರುವಾಯಿತು. ಚೀಲದ ಬಾಯಿಯನ್ನೇ ಬಿಚ್ಚಿರಲಿಲ್ಲ.

"ಸ್ಟೇರಿಂಗ್ ಲಾಕಾಗಿತ್ತು ಅಷ್ಟೇಯ" ಎಂದ. ಆಮೇಲೆ ಅವ್ವನ ಮುಖ ನೋಡಿ ಚೆಲುವಣ್ಣನಿಗೆ ಏನೋ ಹೊಳೆದಿರಬೇಕು. "ಇಂಗಾಗದೆ ಅಂತ ನಿನ್ನೆ ಒಂದ್ ಮಾತು ಅಂದಿದ್ರೆ ಬಾಯಲ್ಲೇ ಯೋಳ್ಕೊಡ್ತಿದ್ನಲ್ಲವ್ವ" ಎಂದು ಮೆಲ್ಲಗೆ ಹೇಳಿ, ಕಾಫಿಗೂ ನಿಲ್ಲದೆ ಹೊರಟುಹೋದ.

ಅದೇ ಕಾರಿನಲ್ಲಿ ಹೊರಟೆವು. ತಾತನ ಮನೆಯ ಮುಂದೆ ಬೆಂಕಿ ಹಾಕಿದ್ದರು. ಜನ ನಮ್ಮ ಕಾರಿಗೆ ದಾರಿ ಬಿಟ್ಟರು. ಅಪ್ಪ ಇಳಿದವನು ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಅಷ್ಟು ಸಣ್ಣವನಾಗಿ ಕಂಡದ್ದು ಅದೇ ಮೊದಲು.

ತಾತ ಹೋದದ್ದು ಹಿಂದಿನ ಸಂಜೆ. ಅತ್ತೆ, ಅಂದರೆ ನನ್ನ ಸೋದರಮಾವನ ಹೆಂಡತಿ, ಅವ್ವನನ್ನು ತಬ್ಬಿಕೊಂಡು ಹೇಳಿದಳು. ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಮಗಳು ಬಂದಳೇ ಎಂದು ಕೇಳುತ್ತಿದ್ದನಂತೆ. ಕಣ್ಣು ಆಗಲೇ ಮಂಜಾಗಿತ್ತಂತೆ. "ನೋಡಕಾಗ್ದೆ ನಾನೇ ಕೈ ಕೊಟ್ಬುಟ್ಟೆ ಅತ್ಗೆ. ಬಂದಿವ್ನಿ ಕಣಪ್ಪಯ್ಯ ಅಂದೆ. ಬಂದ್ಯಾ ಮಗ ಅಂದ್ರು. ಇಡ್ಕಂಡ ಕೈ ಬುಡ್ಲೇ ಇಲ್ಲ."

ಅವ್ವ ಅಳಲಿಲ್ಲ. ಅತ್ತೆಯ ಬಲಗೈಯನ್ನು ತೆಗೆದುಕೊಂಡು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತಳು. ಮಣ್ಣಿಗೆ ಹೊರಡುವವರೆಗೂ ಆ ಕೈ ಬಿಡಲಿಲ್ಲ.

ಮುಂದೆ ಪ್ರತಿ ವರ್ಷವೂ ನಾವು ಅಲ್ಲಿಗೆ ಹೋದೆವು, ಅಪ್ಪನೇ ಕರೆದುಕೊಂಡು ಹೋಗುತ್ತಿದ್ದ. ಪ್ರತಿ ಸಲವೂ ಅವ್ವ ಅತ್ತೆಯನ್ನು ಅದದೇ ಕೇಳುತ್ತಿದ್ದಳು: ಕೈ ಬೆಚ್ಚಗಿತ್ತೇ, ಗಟ್ಟಿಯಾಗಿ ಹಿಡಿದಿದ್ದನೇ, ಇನ್ನೇನಾದರೂ ಅಂದನೇ. ಪ್ರತಿ ಸಲವೂ ಅತ್ತೆ ಹೊಸದೆಂಬಂತೆ ಮೊದಲಿನಿಂದ ಹೇಳುತ್ತಿದ್ದಳು. ತಾತ ಮಗಳು ಬಂದಳೆಂದುಕೊಂಡೇ ಹೋದ, ಅವನಿಗೇನೂ ಕಡಿಮೆಯಾಗಲಿಲ್ಲ. ಅವ್ವನಿಗೆ ಮಾತ್ರ ತನ್ನಪ್ಪನ ಕೊನೆಯ ಹಿಡಿತವನ್ನು ಬೇರೆಯವರ ಬಾಯಿಂದ ಕೇಳಿ ತಿಳಿಯುವ ಪಾಡಾಯಿತು.

ಅವ್ವ ತೀರಿಕೊಂಡು ಮೂರು ವರ್ಷವಾಯಿತು. ಅತ್ತೆಗೆ ಈಗ ಮರೆವು. ನಾನು ಹೋದರೆ ಅವ್ವನೇ ಬಂದಳೆಂದುಕೊಂಡು, ಕೇಳುವ ಮೊದಲೇ ಬಲಗೈ ಚಾಚಿ ಶುರು ಮಾಡುತ್ತಾಳೆ. ನಾನು ಆ ಕೈ ಹಿಡಿದುಕೊಂಡು ಪೂರ್ತಿ ಕೇಳುತ್ತೇನೆ. ಕೇಳಬೇಕಾದವಳು ನಾನಲ್ಲ.