ಸನ್ಯಾಸಿನಿಯ ಹಣೆಗೆ ಕುಂಕುಮವೇಕೆ?

ಕ್ರೈಸ್ತ ಸನ್ಯಾಸಿನಿಯ ಹಣೆಯಲ್ಲಿ ಕುಂಕುಮ ನೋಡಿದ್ದೀರಾ? ನಾನು ನೋಡಿದೆ. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿ, ಬಾಡಿಗೆಗಿರುವ ಸೆಲಿನ್‌ಳ ಗೋಡೆಯ ಮೇಲೆ.

(ಹೆಸರು, ಊರು, ಕೆಲಸ ಮೂರನ್ನೂ ಬದಲಿಸಿದ್ದೇನೆ. ಯಾಕೆಂದು ಮುಂದೆ ತಿಳಿಯುತ್ತದೆ.) ಉಡುಪಿ ಕಡೆಯವಳು, ಸ್ಕೂಲ್ ಟೀಚರ್, ಜೊತೆಗೊಬ್ಬಳು ಪುಟ್ಟ ಮಗಳು. ಗಂಡ ದುಬೈನಲ್ಲಿ ಅಂದಿದ್ದಳು. ದೆಹಲಿಯಲ್ಲಿ ಕನ್ನಡ ಮಾತಾಡುವವರು ಸಿಕ್ಕರೆ ನಾವು ಹೆಚ್ಚು ವಿಚಾರಿಸುವುದಿಲ್ಲ. ಮನೆ ಕೊಟ್ಟೆವು.

ಕಳೆದ ವಾರ ಬಿಸಿಬೇಳೆಭಾತ್ ಕೊಡಲು ಮೇಲೆ ಹೋದಾಗ ಆ ಚಿತ್ರ ಕಂಡಿತು. ಕಪ್ಪು ಉಡುಪು, ಕೈಯಲ್ಲಿ ಶಿಲುಬೆ, ಹಣೆಯಲ್ಲಿ ಸರಿಯಾಗಿ ನಾವಿಡುವ ಜಾಗದಲ್ಲೇ ಕೆಂಪು ಬೊಟ್ಟು. ನನಗೆ ಅನುಮಾನ ಶುರುವಾಯಿತು. ನಮ್ಮನ್ನು ಒಲಿಸಿಕೊಳ್ಳಲು ಇವಳೇ ಇಟ್ಟಳೇ? ಅಥವಾ ನಮ್ಮಂಥವರನ್ನು ಸೆಳೆಯಲೆಂದು ಚಿತ್ರ ಅಚ್ಚು ಹಾಕುವವರ ಉಪಾಯವೇ?

ಬಾಯಿ ಸುಮ್ಮನಿರಬೇಕಲ್ಲ, ಪಕ್ಕದ ಮನೆಯ ಭಾಟಿಯಾ ಆಂಟಿಗೆ ಹೇಳಿಬಿಟ್ಟೆ. 'ದಾಲ್ ಮೇ ಕುಛ್ ಕಾಲಾ ಹೈ', ಏನೋ ಮೋಸವಿದೆ ಅಂದರು. ಗಂಡ ಒಮ್ಮೆಯೂ ಬಂದಿಲ್ಲ, ಇದು ಮತಾಂತರದವರ ಕೆಲಸವೇ ಎಂದು ತೀರ್ಪು ಕೊಟ್ಟರು. ಈ ತಿಂಗಳು ಅಗ್ರಿಮೆಂಟ್ ಮುಗಿಯುತ್ತದಲ್ಲ, ಖಾಲಿ ಮಾಡಿಸು ಅಂದರು. ನನಗೂ ಹೌದೆನಿಸಿತು. ನಮ್ಮವರು ಮಾತ್ರ ಪೇಪರಿನಿಂದ ತಲೆ ಎತ್ತದೆ, ಮೊದಲು ಅವಳನ್ನೇ ಕೇಳು ಅಂದರು. (ನಿವೃತ್ತ ಸರ್ಕಾರಿ ಅಧಿಕಾರಿ. ವಿವರಣೆ ಕೇಳದೆ ಯಾರ ಮೇಲೂ ಕ್ರಮವಿಲ್ಲ.)

ಹೋಗಿ ಕೇಳಿದೆ. ಸೆಲಿನ್ ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಅದು ಕುಂಕುಮ ಅಲ್ಲ ಆಂಟಿ, ಗಾಯ. ಪ್ರಾರ್ಥನೆಯಲ್ಲಿದ್ದಾಗ ಯೇಸುವಿನ ಮುಳ್ಳಿನ ಕಿರೀಟದ ಮುಳ್ಳು ಚುಚ್ಚಿದ್ದು."

ಚಿತ್ರದಲ್ಲಿರುವವಳು ಸಂತ ರೀಟಾ ಅಂತೆ. ಸನ್ಯಾಸಿನಿಯಾಗುವ ಮೊದಲು ಸಂಸಾರಸ್ಥೆ. ಗಂಡ ಮಹಾ ಮುಂಗೋಪಿ, ಕೈ ಮಾಡುವವನು. ಅಂಥ ಗಂಡಂದಿರ ಕೈಗೆ ಸಿಕ್ಕ ಹೆಂಗಸರು ಇವಳಿಗೇ ಮೊರೆಯಿಡುತ್ತಾರಂತೆ. ನಾನು ಮಹಾ ಬುದ್ಧಿವಂತೆ, ಹಾಗಾದರೆ ನಿನಗ್ಯಾಕೆ ಈ ಚಿತ್ರ ಎಂದೆ.

"ನಮ್ಮವರು ದುಬೈನಲ್ಲಿಲ್ಲ ಆಂಟಿ, ಊರಲ್ಲೇ ಇದ್ದಾರೆ. ನಾವಿಬ್ಬರು ಎಲ್ಲಿದ್ದೀವಿ ಅಂತ ಅವರಿಗೆ ಗೊತ್ತಾಗಬಾರದು, ಅಷ್ಟೆ."

ನಾಚಿಕೆಯಿಂದ ಕೆಳಗೆ ಬಂದವಳೇ ನಮ್ಮವರಿಗೆ ಅಗ್ರಿಮೆಂಟ್ ರಿನ್ಯೂ ಮಾಡಿಸಿ ಅಂದೆ.

ಸಂಜೆ ಭಾಟಿಯಾ ಆಂಟಿ ಗೇಟಿನಲ್ಲೇ ಹಿಡಿದುಕೊಂಡರು. ಏನು ಗೊತ್ತಾಯಿತು ಅಂದರು. ಕುಂಕುಮವೇ, ನಾನೇ ಕೊಟ್ಟದ್ದಂತೆ, ಮರೆತೇಬಿಟ್ಟಿದ್ದೆ ಅಂದೆ. (ಅವರಿಗೆ ಕನ್ನಡ ಓದಲು ಬಾರದು. ಇದನ್ನು ಬರೆಯುವ ಧೈರ್ಯ ಬಂದದ್ದೇ ಅದರಿಂದ.)

ಸುಳ್ಳು ಯಾಕೆ ಅಂತೀರಾ? ಗಾಯ ಅಂದಿದ್ದರೆ ಸೆಲಿನ್‌ಳ ಕಥೆಯೂ ಹೊರಬರುತ್ತಿತ್ತು; ಆಗ ಅವರು ಹೊಡೆದವನು ಯಾರು ಅಂತ ಕೇಳುತ್ತಿದ್ದರೇ, ಇವಳೇನು ಮಾಡಿದ್ದಳು ಅಂತ ಕೇಳುತ್ತಿದ್ದರೇ?