ವಾಚನಾಲಯದ ನಾಯಿಯೂ ನಮ್ಮ ಚಿಕ್ಕಮ್ಮನೂ

ನಮ್ಮ ಚಿಕ್ಕಮ್ಮ ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದಳು. ಓದುಗರು ಬೆನ್ನ ಹಿಂದೆ ಅವಳನ್ನು ‘ಉಶ್ ಅಕ್ಕ’ ಎನ್ನುತ್ತಿದ್ದರು. ವಾಚನಾಲಯದಲ್ಲಿ ಯಾರಾದರೂ ಪಿಸುಗುಟ್ಟಿದರೆ ಸಾಕು, ಪುಸ್ತಕದ ಬೀರುಗಳ ನಡುವಿನಿಂದ ‘ಉಶ್’ ಎಂದು ಕೇಳಿಸುತ್ತಿತ್ತು. ಆಳು ಕಾಣುತ್ತಿರಲಿಲ್ಲ, ಸದ್ದು ಮಾತ್ರ. ಕಾಲೇಜು ಓದಲೆಂದು ನಾನು ಅವಳ ಮನೆಗೆ ಬಂದ ಹೊಸದರಲ್ಲಿ ಮಿಕ್ಸಿ ಹಾಕಲೂ ಹೆದರುತ್ತಿದ್ದೆ. ಮದುವೆ ಯಾಕೆ ಆಗಲಿಲ್ಲ ಎಂದು ನೆಂಟರು ಕೇಳಿದರೆ ಅವರಿಗೂ ಅದೇ ‘ಉಶ್’.

ಸುಳ್ಳೆಂದರೆ ಅವಳಿಗೆ ಮೈ ಉರಿಯುತ್ತಿತ್ತು. ಕ್ಲಾಸಿಗೆ ಚಕ್ಕರ್ ಹಾಕಿ ಕ್ಲಾಸಿದೆ ಎಂದು ಹೇಳಿದ್ದಕ್ಕೆ ನನ್ನ ಜೊತೆ ಮೂರು ದಿನ ಮಾತು ಬಿಟ್ಟಿದ್ದಳು. ಅಂಥವಳು ಒಂದು ಸುಳ್ಳು ಹೇಳಿದಳು. ಅದೂ ಒಂದೇ ಪದದಿಂದ ಶುರುವಾದ ಸುಳ್ಳು.

ಆಗ ವಾಚನಾಲಯಕ್ಕೆ ದಿನಾ ಒಬ್ಬರು ಬರುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಡಿಪೋ ಹಿಂದಿನ ಒಂದು ಕೋಣೆಯಲ್ಲಿ ವಾಸ. ಅವರ ಜೊತೆ ಒಂದು ಬೂದು ಬಣ್ಣದ ಹೆಣ್ಣು ನಾಯಿ, ಹೆಸರು ಬೂದಿ. ಒಂಟಿಯಾಗಿ ಬಿಟ್ಟರೆ ಊಳಿಡುತ್ತಿತ್ತು, ಮನೆ ಮಾಲೀಕರು ಗದರುತ್ತಿದ್ದರು. ಹಾಗಾಗಿ ಹಗ್ಗ ಕಟ್ಟಿ ಕರೆದುಕೊಂಡೇ ಬರುತ್ತಿದ್ದರು. ಅವರು ಪತ್ರಿಕೆಗಳನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಓದಿ ಮುಗಿಸುವಷ್ಟು ಹೊತ್ತು ನಾಯಿ ಅವರ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿರುತ್ತಿತ್ತು. ನಾಯಿಗೆ ಪ್ರವೇಶವಿದೆ ಎಂದಾಗಲಿ ಇಲ್ಲ ಎಂದಾಗಲಿ ಎಲ್ಲೂ ಬರೆದಿರಲಿಲ್ಲ. ಅಲ್ಲಿಗೆ ಬರುವವರಲ್ಲೆಲ್ಲ ಸದ್ದು ಮಾಡದ ಜೀವ ಅದೊಂದೇ ಎಂದು ಚಿಕ್ಕಮ್ಮನೇ ಹೇಳುತ್ತಿದ್ದಳು.

ಗ್ರಂಥಾಲಯದಲ್ಲಿ ಮಡಚುವ ಏಣಿಯೊಂದಿತ್ತು. ಅದರ ಎರಡು ಕಾಲುಗಳು ಜಾರದಂತೆ ನಡುವೆ ಒಂದು ಕೊಂಡಿ ಸಿಕ್ಕಿಸಬೇಕು. ಚಿಕ್ಕಮ್ಮ ಅದನ್ನು ಮರೆಯುತ್ತಾಳೆಂದು ಮುಖ್ಯ ಗ್ರಂಥಪಾಲಕರು ಎರಡು ಸಲ ಎಚ್ಚರಿಸಿದ್ದರು. ಮೂರನೆಯ ಸಲವೂ ಮರೆತಳು. ಆ ತಿಂಗಳಲ್ಲೇ ಅವಳನ್ನು ವಿಭಾಗದ ಮೇಲ್ವಿಚಾರಕಿ ಮಾಡುವ ಮಾತು ನಡೆದಿತ್ತು. ಒಂದು ಬೆಳಿಗ್ಗೆ ಬೀರುವಿನ ಮೇಲಿನ ಖಾನೆಗೆ ನಾಲ್ಕು ದಪ್ಪ ಸಂಪುಟ ಏರಿಸುವಾಗ ಏಣಿ ಕಾಲು ಚಾಚಿತು. ಚಿಕ್ಕಮ್ಮ, ಸಂಪುಟಗಳು, ಏಣಿ ಎಲ್ಲ ಒಟ್ಟಿಗೆ ನೆಲಕ್ಕೆ ಬಂದವು. ಬಲಗೈ ಮಣಿಕಟ್ಟು ಮುರಿಯಿತು.

ಸದ್ದಿಗೆ ಬೆಚ್ಚಿ ನಾಯಿ ಎದ್ದು ನಿಂತಿತು. ಮುಖ್ಯ ಗ್ರಂಥಪಾಲಕರು ಓಡಿ ಬಂದು, “ಏನಾಯ್ತು? ಹೇಗ್ ಬಿದ್ರಿ?” ಎಂದು ಕೇಳಿದಾಗ ಚಿಕ್ಕಮ್ಮನ ಕಣ್ಣೆದುರಿಗೆ ಇದ್ದದ್ದು ಅದೇ.

“ನಾಯಿ...” ಎಂದಳು.

“ನಾಯಿ ಅಡ್ಡ ಬಂತಾ? ನಾನು ಅಂದ್ಕೊಂಡಿದ್ದೆ, ಒಂದಲ್ಲ ಒಂದಿನ ಹೀಗಾಗುತ್ತೆ ಅಂತ,” ಎಂದರು ಅವರು.

ಚಿಕ್ಕಮ್ಮ ಇಲ್ಲ ಎನ್ನಲಿಲ್ಲ. ನೋವಿತ್ತು, ನಿಜ. ಆದರೆ ಇಲ್ಲ ಎಂಬ ಎರಡಕ್ಷರಕ್ಕೆ ಅಡ್ಡಿಯಾಗುವಷ್ಟು ನೋವೇನೂ ಇರಲಿಲ್ಲ ಎಂದು ಆಮೇಲೆ ಅವಳೇ ನನಗೆ ಹೇಳಿದಳು.

ಮರುದಿನವೇ ಬಾಗಿಲಿಗೆ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ಬಂತು. ಡ್ರೈವರಣ್ಣ ಅದನ್ನು ಓದಿದರು, ಮುಖ್ಯ ಗ್ರಂಥಪಾಲಕರ ಕೋಣೆಗೆ ಹೋಗಿ ಬಂದರು, ನಾಯಿಯನ್ನು ಗೇಟಿಗೆ ಕಟ್ಟಿ ಒಳಗೆ ಕೂತರು. ಅದು ಊಳಿಡತೊಡಗಿತು. ಓದುಗರು ಗೊಣಗಿದರು. ಚಿಕ್ಕಮ್ಮ ಎರಡು ವಾರ ರಜೆ ಮುಗಿಸಿ, ಕೈಗೆ ಪ್ಲಾಸ್ಟರ್ ಸಮೇತ ಕೆಲಸಕ್ಕೆ ಬಂದ ದಿನವೂ ಹಾಗೇ ಆಯಿತು. ಅವಳು ಗೇಟಿನವರೆಗೆ ಹೋಗಿ ಆ ನಾಯಿಗೂ ‘ಉಶ್’ ಎಂದಳು. ಅದು ಸುಮ್ಮನಾಗಿ ಬಾಲ ಅಲ್ಲಾಡಿಸಿತಂತೆ. ಆ ವಾರದ ನಂತರ ಡ್ರೈವರಣ್ಣ ಬರುವುದು ನಿಂತಿತು.

ಇಷ್ಟಕ್ಕೇ ಮುಗಿಯಲಿಲ್ಲ. ಪಾರ್ಕು, ಬಸ್ಸು, ಗ್ರಂಥಾಲಯಗಳಿಗೆ ನಾಯಿಗಳನ್ನು ಬಿಡಬೇಕೋ ಬೇಡವೋ ಎಂದು ನಗರಸಭೆ ಆ ದಿನಗಳಲ್ಲೇ ಸಾರ್ವಜನಿಕ ಸಭೆ ಕರೆಯಿತು. ಚಿಕ್ಕಮ್ಮನ ಕೈ ಮುರಿದದ್ದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಹೇಳಿಕೆ ಕೊಡಲು ಅವಳಿಗೂ ಬುಲಾವ್ ಬಂತು. ಜೊತೆಗೆ ನಾನೂ ಹೋದೆ.

ಸಭೆಯಲ್ಲಿ ಮೊದಲು ಮಾತಾಡಿದ್ದು ಒಬ್ಬ ತಾಯಿ. ಅವರ ಒಂಬತ್ತು ವರ್ಷದ ಮಗಳಿಗೆ ಪಾರ್ಕಿನಲ್ಲಿ ಯಾರದೋ ಸಾಕುನಾಯಿ ಕೆನ್ನೆ ಕಚ್ಚಿತ್ತು. ಆ ಮಗು ಅಮ್ಮನ ಮಗ್ಗುಲಲ್ಲೇ ಕೂತಿತ್ತು, ಹೊಲಿಗೆಯ ಗುರುತು ಕಾಣದಂತೆ ಕೆನ್ನೆಗೆ ಕೈ ಆನಿಸಿಕೊಂಡು.

“ಕಚ್ಚೋ ತನಕ ಎಲ್ಲರ ನಾಯಿನೂ ಪಾಪದ್ದೇ. ಇವಳು ಈಗ ಸ್ಕೂಲಿಗೆ ಹೋಗ್ಬೇಕಾದ್ರೆ ಎರಡು ಬೀದಿ ಸುತ್ತಿ ಹೋಗ್ತಾಳೆ. ನಾಯಿಗೆ ಜಾಗ ಬೇಕು ಅಂತೀರ, ಇವಳಿಗೆ ಜಾಗ ಎಲ್ಲಿ?” ಎಂದರು ಆಕೆ.

ಡ್ರೈವರಣ್ಣ ಕೊನೆಯ ಸಾಲಿನಿಂದ ಎದ್ದರು. “ಆ ಮಗೂಗೆ ಆಗಿದ್ದು ಆಗಬಾರದಿತ್ತು. ಅದಕ್ಕೆ ಕಾರಣ ಆದೋರನ್ನ ಹಿಡೀರಿ. ನಾನು ಮೂವತ್ತು ವರ್ಷ ಬಸ್ ಓಡ್ಸಿದೀನಿ. ಕುಡಿದೋರು, ಜಗಳ ಆಡೋರು, ಸೀಟಿಗೆ ಉಗಿಯೋರು ಎಲ್ಲರೂ ಹತ್ತೋರು. ತಪ್ಪು ಮಾಡಿದೋನನ್ನ ಇಳಿಸ್ತಿದ್ದೆ. ಇಡೀ ಬಸ್ಸನ್ನ ಖಾಲಿ ಮಾಡಿಸ್ತಿರಲಿಲ್ಲ.”

ಕೆಲವರು ನಕ್ಕರು. ಅಧ್ಯಕ್ಷರೂ ಕೊಂಚ ಸಡಿಲವಾದಂತೆ ಕಂಡರು. ಆಮೇಲೆ ಚಿಕ್ಕಮ್ಮನನ್ನು ಕರೆದರು. ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದಳು: “ನಾಯಿ ಅಡ್ಡ ಬಂತು. ಬಿದ್ದೆ.”

ಸಾಕಾಯಿತು. ಸದ್ದು ಮಾಡದ ನಾಯಿಯೇ ಹೀಗೆ ಮಾಡಿದರೆ ಉಳಿದವುಗಳ ಗತಿಯೇನು ಎಂದು ಯಾರೋ ಕೇಳಿದರು. ಬಸ್ಸು, ಪಾರ್ಕು, ಗ್ರಂಥಾಲಯ ಎಲ್ಲ ಕಡೆಯೂ ನಾಯಿ ಕೂಡದೆಂದು ತೀರ್ಮಾನವಾಯಿತು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮ ಚಿಕ್ಕಮ್ಮನ ಮಾತಿಗೆ ಅಷ್ಟು ಜನ ಕಿವಿಗೊಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದಾದ ಭಾನುವಾರ ಅವಳ ತಲೆ ಬಾಚುತ್ತಿದ್ದೆ. ಒಂದೇ ಕೈಯಲ್ಲಿ ಅವಳಿಗೆ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನನಗೆ ಬೆನ್ನು ಮಾಡಿ ಕೂತಿದ್ದವಳು, “ನಾಯಿ ಅಡ್ಡ ಬರಲಿಲ್ಲ ಕಣೇ,” ಎಂದಳು. “ಕೊಂಡಿ ಹಾಕಿರಲಿಲ್ಲ ನಾನು.”

ನನ್ನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. “ಮತ್ತೆ ಯಾಕ್ ಹಾಗಂದೆ?”

“ಬಾಯಿಗೆ ಬಂತು. ಆಮೇಲೆ ವಾಪಸ್ ತಗೊಳ್ಳೋಕಾಗ್ಲಿಲ್ಲ.”

“ನಾಳೆನೇ ಹೋಗಿ ಹೇಳು ಚಿಕ್ಕಮ್ಮ.”

“ಹೇಳ್ತೀನಿ.”

ಹೇಳಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಂದಳು. ಪ್ಲಾಸ್ಟರ್ ಬಿಚ್ಚಿದ ವಾರವೇ ಮೇಲ್ವಿಚಾರಕಿಯಾದಳು. ಈಗ ಹೇಳಿದರೆ ಚೆನ್ನಾಗಿರುವುದಿಲ್ಲ ಎಂದಳು. ನಾನೂ ಎರಡು ಮೂರು ಸಲ ಕೇಳಿ ಸುಮ್ಮನಾದೆ. ಅವಳ ಗುಟ್ಟು ಬಯಲಾದರೆ ನನಗೂ ಮುಖವಿರುವುದಿಲ್ಲ ಎಂಬ ಲೆಕ್ಕ ನನ್ನೊಳಗೂ ಇತ್ತು. ಮೊದಲೆಲ್ಲ ಗಂಟೆಗಟ್ಟಲೆ ಊಟ ಮಾಡುತ್ತಾ ಓದುತ್ತಿದ್ದವಳು ಈಗ ನಾಲ್ಕು ತುತ್ತಿಗೆ ಏಳುತ್ತಿದ್ದಳು. ಡಿಪೋ ಬೀದಿಗೆ ಹೋಗುವುದನ್ನೇ ಬಿಟ್ಟಳು. ನಾನು ಸಣ್ಣಪುಟ್ಟ ಸುಳ್ಳು ಹೇಳಿದರೂ ಕೇಳಿಸದವಳಂತೆ ಇರುತ್ತಿದ್ದಳು. ಬೈಯುವ ಬಾಯಿ ಅವಳಿಗೆ ಉಳಿದಿರಲಿಲ್ಲ.

ಹೀಗೆ ಏಳು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಮುಂದಿನ ಸ್ಟಾಪಿನಲ್ಲಿ ಡ್ರೈವರಣ್ಣ ಹತ್ತಿದರು. ತೋಳಲ್ಲಿ ಅವರ ನಾಯಿ ಬೂದಿ. ಅದರ ಹಿಂಗಾಲು ಜೋತುಬಿದ್ದಿತ್ತು. ಕಂಡಕ್ಟರ್ ಅವರ ಹಳೆಯ ಸಹೋದ್ಯೋಗಿ.

“ಅಣ್ಣ, ನಿಮಗೆ ಗೊತ್ತಲ್ಲ ರೂಲ್ಸು. ನನ್ನನ್ನ ಇಕ್ಕಟ್ಟಿಗೆ ಸಿಕ್ಕಿಸ್ಬೇಡಿ,” ಎಂದ.

“ಕಾಲು ಮುರಿದಿದೆ ಕಣಪ್ಪ. ಪಶು ಆಸ್ಪತ್ರೆ ತನಕ ಅಷ್ಟೇ. ಆಟೋದೋನೂ ಬೇಡ ಅಂದ.”

“ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನನ್ನ ತಲೆಗೆ ಬರುತ್ತೆ ಅಣ್ಣ.”

ಡ್ರೈವರಣ್ಣ ಅಷ್ಟು ವರ್ಷ ತಾವೇ ಓಡಿಸಿದ ರೂಟಿನ ಬಸ್ಸಿನಿಂದ, ನಾಯಿಯನ್ನು ಎದೆಗೊತ್ತಿಕೊಂಡು, ಒಂದೊಂದೇ ಮೆಟ್ಟಿಲು ನೋಡಿ ಇಳಿದರು. ಚಿಕ್ಕಮ್ಮ ತಲೆ ತಗ್ಗಿಸಿ ಚೀಲದಲ್ಲಿ ಏನೋ ಹುಡುಕುವವಳಂತೆ ನಟಿಸಿದಳು. ಎರಡು ಸ್ಟಾಪು ದಾಟುವವರೆಗೂ ಹುಡುಕುತ್ತಲೇ ಇದ್ದಳು. ಮೂರನೆಯದರಲ್ಲಿ ಇಳಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು.

ರಸ್ತೆಬದಿಯ ಕಟ್ಟೆಯೊಂದರ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ಡ್ರೈವರಣ್ಣನ ಎದುರು ನಿಂತು, “ನಿಮ್ಮ ನಾಯಿ ಅವತ್ತು ಅಡ್ಡ ಬರಲಿಲ್ಲ,” ಎಂದಳು.

“ಗೊತ್ತು,” ಎಂದರು ಅವರು. “ನನ್ನ ಕಾಲ ಮೇಲೇ ಮಲಗಿತ್ತಲ್ಲ.”

“ಮತ್ತೆ ನೀವ್ಯಾಕೆ ಹೇಳಲಿಲ್ಲ?”

“ಹೇಳ್ದೆ. ಮಾರನೇ ದಿನವೇ ನಿಮ್ಮ ಸಾಹೇಬ್ರಿಗೆ ಹೇಳ್ದೆ. ನಾಯಿ ಸಾಕಿರೋನು ಇನ್ನೇನು ಹೇಳ್ತಾನೆ ಅಂದ್ರು. ಸರಿ, ನೀವೇ ಹೇಳ್ತೀರ ಅಂತ ಕಾದೆ.” ನಾಯಿಯ ತಲೆ ನೇವರಿಸುತ್ತಾ, “ಸಭೆಲಿ ಹೇಳ್ತೀರ ಅಂದ್ಕೊಂಡಿದ್ದೆ,” ಎಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ ಅವಳಿಗೆ. ತಪ್ಪಾಯಿತು ಎಂದಳು.

“ನನ್ನ ಹತ್ರ ಹೇಳಿ ಏನು ಬಂತಮ್ಮ? ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ.”

ಆಸ್ಪತ್ರೆ ಇನ್ನೂ ಒಂದೂವರೆ ಮೈಲಿ ಇತ್ತು. ತಾನೂ ಸ್ವಲ್ಪ ದೂರ ಎತ್ತಿಕೊಳ್ಳುವೆನೆಂದು ಚಿಕ್ಕಮ್ಮ ಕೈ ಚಾಚಿದಳು. ಅವರು ಕೊಡಲಿಲ್ಲ. ಅವಳು ನಾಲ್ಕು ಹೆಜ್ಜೆ ಹಿಂದೆಯೇ ಉಳಿದು ಆಸ್ಪತ್ರೆಯ ಬಾಗಿಲವರೆಗೆ ನಡೆದಳು.

ನಗರಸಭೆಯ ಮುಂದಿನ ಸಭೆಯಲ್ಲಿ ಅವಳು ಕಾಗದ ಹಿಡಿದು ಎದ್ದು ನಿಂತಳು. ಏಣಿ, ಕೊಂಡಿ, ಎರಡು ಸಲ ಕೊಟ್ಟ ಎಚ್ಚರಿಕೆ, ತಾನು ಹೇಳಿದ ಸುಳ್ಳು, ಎಲ್ಲವನ್ನೂ ಓದಿದಳು. ದನಿ ಮೊದಲ ಸಾಲಿಗಷ್ಟೇ ಕೇಳಿಸುತ್ತಿತ್ತು. ಹಿಂದಿನಿಂದ ಯಾರೋ “ಉಶ್ ಅಕ್ಕ, ಸ್ವಲ್ಪ ಜೋರಾಗಿ” ಎಂದರು. ಅವಳು ಮತ್ತೆ ಮೊದಲಿನಿಂದ, ಜೋರಾಗಿ ಓದಿದಳು. ನಾನು ಕಾಲಿನ ಬೆರಳು ನೋಡುತ್ತಾ ಕೂತಿದ್ದೆ.

ಸಭೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಆ ತಾಯಿ ಅವಳನ್ನು ತಡೆದರು.

“ನನ್ನ ಮಗಳಿಗೆ ಆಗಿದ್ದು ನಿಜ,” ಎಂದರು. “ನಿಮ್ಮ ಸುಳ್ಳನ್ನ ಅದರ ಪಕ್ಕದಲ್ಲಿ ತಂದಿಟ್ರಿ. ಇನ್ನು ಮೇಲೆ ಅವಳು ಬಾಯಿಬಿಟ್ರೂ ಜನ ನಿಮ್ಮನ್ನ ನೆನೆಸ್ಕೊತಾರೆ.”

ಈ ಮಗ್ಗುಲನ್ನು ಚಿಕ್ಕಮ್ಮ ಯೋಚಿಸಿಯೇ ಇರಲಿಲ್ಲ. ಸುಳ್ಳು ನಾಯಿಗೆ ಮಾತ್ರ ಬಡಿದಿದೆ ಎಂದುಕೊಂಡಿದ್ದಳು. ಕ್ಷಮಿಸಿ ಎಂದಳು. ಆಕೆ ಮಗಳ ಕೈ ಹಿಡಿದುಕೊಂಡು ಇಳಿದು ಹೋದರು.

ಚಿಕ್ಕಮ್ಮನ ಮೇಲ್ವಿಚಾರಕಿ ಹುದ್ದೆ ಹೋಯಿತು. ನಿವೃತ್ತಿಯವರೆಗೂ ಹಿಂಬದಿಯ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಅಂಟಿಸುವ ಕೆಲಸ. ನಗರಸಭೆ ನಿಯಮವನ್ನು ತಿದ್ದಲು ಮತ್ತೂ ಆರು ತಿಂಗಳು ತೆಗೆದುಕೊಂಡಿತು. ಹಗ್ಗ ಕಟ್ಟಿದ ನಾಯಿ ಬಸ್ಸಿನ ಹಿಂಭಾಗದಲ್ಲಿ ಬರಬಹುದು, ವಾಚನಾಲಯದ ಒಂದು ಮೂಲೆಯಲ್ಲಿ ಇರಬಹುದು. ಮಕ್ಕಳ ವಿಭಾಗದ ಹತ್ತಿರ ಸುಳಿಯುವಂತಿಲ್ಲ. ಮಕ್ಕಳು ಆಡುವ ಜಾಗಕ್ಕೆ ಬೇಲಿ ಬಂತು. ಅದನ್ನು ಹಾಕಿಸಿದ್ದು ಆ ತಾಯಿಯೇ, ಕಚೇರಿಯಿಂದ ಕಚೇರಿಗೆ ಅಲೆದು.

ಡ್ರೈವರಣ್ಣ ಮತ್ತೆ ಬರತೊಡಗಿದರು, ಕುಂಟುವ ನಾಯಿಯ ಜೊತೆ. ಚಿಕ್ಕಮ್ಮನನ್ನು ಕಂಡರೆ ತಲೆಯಾಡಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸಲಿಗೆ ಬೆಳೆಯಲಿಲ್ಲ.

ಆ ತಾಯಿ, ಮಗಳು ಗ್ರಂಥಾಲಯಕ್ಕೆ ಬಂದಾಗಲೆಲ್ಲ ಚಿಕ್ಕಮ್ಮ ಹಿಂಬದಿಯ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳಂತೆ. ಕೆಲಸ ಬಿಟ್ಟು ವರ್ಷವಾದ ಮೇಲೂ ಅಂಗಡಿಯಲ್ಲಿ ಅವರನ್ನು ಕಂಡರೆ ಬೇರೆ ಸಾಲಿಗೆ ಸರಿಯುತ್ತಾಳೆ. ಮೊನ್ನೆ ನಾನೂ ಜೊತೆಗಿದ್ದೆ. ಹುಡುಗಿ ಈಗ ನನ್ನೆತ್ತರ ಬೆಳೆದಿದ್ದಾಳೆ.

“ಇನ್ನೊಂದ್ಸಲ ಹೋಗಿ ಕ್ಷಮೆ ಕೇಳಬಹುದಲ್ಲ ಚಿಕ್ಕಮ್ಮ,” ಎಂದೆ.

“ಕೇಳಿದೀನಲ್ಲ. ಅವರು ಕೊಡಲಿಲ್ಲ,” ಎಂದಳು. “ಕೊಡಲೇಬೇಕು ಅಂತ ಏನಿದೆ?”