ಶುಕ್ರವಾರದ ಕೊನೆಯ ಪಿರಿಯಡ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿರುವ ಚಿತ್ರದ ಮೇಲೆಯೇ ನನಗೆ ಹೆಚ್ಚು ಅನುಮಾನ. ನಮ್ಮೂರ ಮನೆಯ ಹಿತ್ತಿಲ ಬಾಗಿಲು. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನನ್ನ ಸೋದರತ್ತೆ, ಅಪ್ಪನ ತಂಗಿ, ಶಾಲೆಯ ನೀಲಿ ಲಂಗದಲ್ಲಿ ನಿಂತಿದ್ದಾಳೆ. ಅಜ್ಜಿ ಹಂಡೆಯಿಂದ ನೀರು ಮೊಗೆದು ಅವಳ ತಲೆಯ ಮೇಲೆ ಸುರಿಯುತ್ತಿದ್ದಾಳೆ. ಅತ್ತೆ ಅಳುತ್ತಿದ್ದಾಳೆ. ನಾನು ಹೊಸ್ತಿಲ ಒಳಗೆ ನಿಂತು ನೋಡುತ್ತಿದ್ದೇನೆ.

ಈ ಚಿತ್ರಕ್ಕೆ ನಮ್ಮ ಮನೆಯಲ್ಲಿ ಒಂದು ಮಾತು ಅಂಟಿಕೊಂಡಿತ್ತು. ಕಾನ್ವೆಂಟಿನಲ್ಲಿ ಹುಡುಗಿಯ ಕೈಲಿ ಕಕ್ಕಸು ತೊಳೆಸಿದರು, ಅದಕ್ಕೇ ತಾತ ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಇಷ್ಟೇ. ಯಾರೂ ಇದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ಕೇಳುವ ಹಾಗಾಯಿತು. ಹೊಳೆನರಸೀಪುರದ ಆ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಅತ್ತೆ ಓದಿದ ಎಷ್ಟೋ ವರ್ಷದ ಮೇಲೆ ನಾನೂ ಓದಿದೆ. ಈಗ ಹಾಸನದಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬೇಸಿಗೆ ರಜೆಯಲ್ಲಿ ಶಾಲೆಯ ಈಗಿನ ಹೆಡ್ ಸಿಸ್ಟರ್ ಫೋನ್ ಮಾಡಿ, ಸುವರ್ಣ ಮಹೋತ್ಸವಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ, ಶಾಲೆಯ ಧ್ಯೇಯ, ಮೌಲ್ಯ, ಚರಿತ್ರೆ ಇರುವ ಭಾಗವನ್ನು ನೀವೇ ಬರೆದುಕೊಡಬೇಕು ಎಂದರು. ಹಳೇ ವಿದ್ಯಾರ್ಥಿನಿ ಎಂಬ ಹೆಮ್ಮೆಯಲ್ಲಿ ಒಪ್ಪಿಕೊಂಡೆ.

ಚರಿತ್ರೆಯ ಮೊದಲ ಭಾಗ ಸುಲಭವಾಗಿತ್ತು. ಅದು ನಮಗೆಲ್ಲ ಬಾಯಿಪಾಠ. ಕರಾವಳಿ ಕಡೆಯಿಂದ ಬಂದ ಮೂವರು ಸಿಸ್ಟರುಗಳು ಹೊಳೆಯ ಹತ್ತಿರ ಒಬ್ಬ ವ್ಯಾಪಾರಿಯ ಭತ್ತದ ಗೋದಾಮನ್ನು ಬಾಡಿಗೆಗೆ ಹಿಡಿದು ಶಾಲೆ ಶುರುಮಾಡಿದರು. ಮೊದಲ ವರ್ಷ ಹುಡುಗಿಯರು ಗೋಣಿಚೀಲದ ಮೇಲೆ ಕೂತರು. ಸಂಜೆ ಮನೆಗೆ ಹೋದಾಗ ಜಡೆಯಲ್ಲಿ ಭತ್ತದ ಹೊಟ್ಟು ಇರುತ್ತಿತ್ತಂತೆ. ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಓದು ಏಳನೇ ಕ್ಲಾಸಿಗೆ ನಿಲ್ಲುತ್ತಿತ್ತು. ಅದನ್ನು ಹತ್ತರವರೆಗೆ ಎಳೆಯಬೇಕೆಂಬುದೇ ಅವರ ಧ್ಯೇಯ. ಮೊದಲ ಹೆಡ್ ಸಿಸ್ಟರ್ ಮಂಗಳೂರು ಕಡೆಯ ಸಣಕಲು ಹೆಂಗಸು. ಬಿಸಿಲಲ್ಲಿ ಊರೂರು ನಡೆದು, ಜಗಲಿಗಳ ಮೇಲೆ ಕೂತು, ಹುಡುಗಿಯನ್ನು ಕಳಿಸಿ ಎಂದು ಕೇಳುತ್ತಿದ್ದರು. ಅವರ ‘ಎಂತ’, ‘ಉಂಟು’ ಕೇಳಿ ನಮ್ಮವರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಕ್ಕವರೇ ಆಮೇಲೆ ಮಗಳನ್ನೂ ಕಳಿಸಿದರು.

ಮತ ಬದಲಿಸುತ್ತಾರೆಂಬ ಭಯ ನಮ್ಮ ಕಡೆಯವರಿಗೆ ಇತ್ತು. ನಾನು ಓದುವಾಗಲೂ ಇತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕ್ರೈಸ್ತ ಹುಡುಗಿಯರು ಶಿಲುಬೆಯ ಗುರುತು ಮಾಡಿಕೊಳ್ಳುವಾಗ ನಾವೂ ಮಾಡುತ್ತಿದ್ದೆವು, ಮಾಡಿದ ಮೇಲೆ ಮಂಗಳಾರತಿ ತೆಗೆದುಕೊಂಡ ಹಾಗೆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಯಾವ ಸಿಸ್ಟರೂ ಅದನ್ನು ತಿದ್ದಲಿಲ್ಲ. ಅವರು ಬಿಡದೆ ಪಟ್ಟು ಹಿಡಿದದ್ದು ಬೇರೊಂದಕ್ಕೆ. ಶುಕ್ರವಾರದ ಕೊನೆಯ ಪಿರಿಯಡ್ಡಿಗೆ.

ಅದರ ಹೆಸರು ಸೇವೆ. ಬೆಂಚಿನ ಸರದಿಯಂತೆ ಹುಡುಗಿಯರು ಬಾವಿಯಿಂದ ನೀರು ಸೇದಿ, ಕಡ್ಡಿಪೊರಕೆ, ಫಿನಾಯಿಲ್ ಹಿಡಿದು ಶಾಲೆಯ ಕಕ್ಕಸು ತೊಳೆಯಬೇಕು. ಗೌಡರ ಮನೆಯವಳು, ಲಿಂಗವಂತರ ಅಂಗಡಿಯವರ ಮಗಳು, ಚನ್ನರಾಯಪಟ್ಟಣ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದವಳು, ಯಾರಿಗೂ ವಿನಾಯಿತಿ ಇಲ್ಲ. ಆ ಕೆಲಸಕ್ಕೆ ಶಾಲೆ ಆಳು ಇಡಲಿಲ್ಲ. ಊರಿನಲ್ಲಿ ಅದಕ್ಕೆಂದೇ ಒಂದು ಕೇರಿ ಇದ್ದಾಗ, ಆ ಕೇರಿಯಿಂದ ಯಾರನ್ನೂ ಕರೆಸುವುದಿಲ್ಲ ಎಂದು ಮೊದಲ ಹೆಡ್ ಸಿಸ್ಟರ್ ತೀರ್ಮಾನಿಸಿದ್ದರು. ಪೊರಕೆ ಹಿಡಿದು ಮೊದಲು ಒಳಗೆ ಹೋಗುತ್ತಿದ್ದವರೂ ಅವರೇ. ಯೇಸು ತನ್ನ ಶಿಷ್ಯರ ಕಾಲು ತೊಳೆದ ಕತೆಯನ್ನು ವರ್ಷಕ್ಕೊಮ್ಮೆ ಹೇಳುತ್ತಿದ್ದರಂತೆ, ಉಳಿದಂತೆ ಉಪದೇಶ ಇಲ್ಲ.

ನಾನು ಸೇರುವ ಹೊತ್ತಿಗೆ ಆ ಸಿಸ್ಟರ್ ಬೇರೆಲ್ಲಿಗೋ ವರ್ಗವಾಗಿ ಹೋಗಿದ್ದರು. ಪದ್ಧತಿ ಉಳಿದಿತ್ತು. ತಾತ ತೀರಿಕೊಂಡಿದ್ದರು. ಅಪ್ಪ ನನ್ನನ್ನು ಗೇಟಿನವರೆಗೆ ಬಿಟ್ಟು, ‘ಇಲ್ಲಿ ಏನು ಮಾಡು ಅಂತಾರೋ ಅದನ್ನ ಮಾಡು’ ಎಂದು ಹೇಳಿ ಸೈಕಲ್ ತಿರುಗಿಸಿದರು. ಆ ಮಾತಿನಲ್ಲಿ ಏನಿತ್ತೆಂದು ಆಗ ತಿಳಿಯಲಿಲ್ಲ. ಈಗ ತಿಳಿದಿದೆ ಅನ್ನಿಸುತ್ತದೆ, ಆದರೆ ಅಪ್ಪ ಇಲ್ಲದ ಮೇಲೆ ನನಗೆ ಬೇಕಾದ ಅರ್ಥವನ್ನು ಅವರ ಬಾಯಿಗೆ ಹಾಕುತ್ತಿದ್ದೇನೋ ಏನೋ. ನನ್ನ ಸರದಿ ಬಂದಾಗ ತೊಳೆದೆ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಜೂನ್ ಮೊದಲ ವಾರ ಬಸ್ಸು ಹಿಡಿದು ಶಾಲೆಗೆ ಹೋದೆ. ಗೋದಾಮಿನ ಜಾಗ ಈಗ ಬೇರೆಯವರದು. ಶಾಲೆಗೆ ತನ್ನದೇ ಎರಡಂತಸ್ತಿನ ಕಟ್ಟಡವಿದೆ. ಕಕ್ಕಸುಗಳಿಗೆ ಬಿಳಿ ಟೈಲ್ಸ್ ಹಾಕಿದ್ದಾರೆ, ತೊಳೆಯಲು ಏಜೆನ್ಸಿಯಿಂದ ಇಬ್ಬರು ಹೆಂಗಸರು ಬರುತ್ತಾರೆ. ಶುಕ್ರವಾರದ ಸೇವೆ ಈಗ ಗಿಡಕ್ಕೆ ನೀರು ಹಾಕುವುದು. ಹೆಡ್ ಸಿಸ್ಟರ್ ಇದನ್ನು ಮುಚ್ಚಿಡಲಿಲ್ಲ. ಪೋಷಕರು ಬಂದು, ಇಷ್ಟು ಫೀಸ್ ಕಟ್ಟಿ ಮಕ್ಕಳನ್ನ ಇದಕ್ಕೆ ಕಳಿಸ್ತೀವಾ ಎಂದು ಕೇಳಿದರಂತೆ. ಎಷ್ಟು ದಿನ ಜಗಳ ಆಡಲಿ ಮೇಡಂ, ಎಂದರು. ಅದಕ್ಕೇ ಹಳೆಯ ಪದ್ಧತಿಯನ್ನು ಸಂಚಿಕೆಯಲ್ಲಾದರೂ ಚೆನ್ನಾಗಿ ಬರೆಯಬೇಕೆಂಬುದು ಅವರ ಆಸೆ. ಒಂದು ವಾಕ್ಯ ಖಂಡಿತ ಇರಲಿ ಎಂದರು. ಅವರಿಗೆ ಹಿಂದಿನವರು ಹೇಳಿದ್ದು, ಹಿಂದಿನವರಿಗೆ ಅವರ ಹಿಂದಿನವರು. ‘ಸೇವೆಯ ಕಾರಣಕ್ಕೆ ಈ ಶಾಲೆಯನ್ನು ಒಬ್ಬ ಹುಡುಗಿಯೂ ಬಿಟ್ಟುಹೋಗಲಿಲ್ಲ.’

ನಾನು ಬರೆದುಕೊಂಡೆ. ಅತ್ತೆಯ ಹೆಸರು ಬಾಯಿಗೆ ಬಂದಿತ್ತು, ಹೇಳಲಿಲ್ಲ. ನನ್ನ ಹತ್ತಿರ ಇದ್ದದ್ದಾದರೂ ಏನು? ಹಿತ್ತಿಲ ಬಾಗಿಲಿನ ಒಂದು ಚಿತ್ರ, ಮನೆಯವರ ಒಂದು ಮಾತು. ಅಷ್ಟನ್ನೇ ನಂಬಿ ಒಂದು ಶಾಲೆಯ ಹೆಮ್ಮೆಯನ್ನು ಅಳಿಸಬಹುದೇ? ಅಳಿಸದಿದ್ದರೆ, ಅತ್ತೆ ಅಲ್ಲಿ ಇರಲೇ ಇಲ್ಲ ಎಂದು ನಾನೇ ಬರೆದಂತೆ.

ಮುಂದಿನ ಭಾನುವಾರ ಅರಕಲಗೂಡಿಗೆ ಹೋದೆ. ಅತ್ತೆಯನ್ನು ಕೊಟ್ಟಿರುವುದು ಅಲ್ಲಿ ಹತ್ತಿರದ ಊರಿಗೆ. ಜಗಲಿಯಲ್ಲಿ ಬಿತ್ತನೆ ಆಲೂಗಡ್ಡೆಯ ರಾಶಿ ಹಾಕಿಕೊಂಡು ಕೂತಿದ್ದಳು. ಒಂದೊಂದು ಗಡ್ಡೆಯನ್ನೂ ತಿರುಗಿಸಿ, ಮೊಳಕೆ ಎಲ್ಲಿದೆ ನೋಡಿ, ಪ್ರತಿ ಹೋಳಿಗೂ ಒಂದು ಮೊಳಕೆ ಬರುವಂತೆ ಕತ್ತರಿಸಿ ಮಂಕರಿಗೆ ಹಾಕುತ್ತಿದ್ದಳು. ನನಗೂ ಒಂದು ಚಾಕು ಕೊಟ್ಟಳು. ನಾನು ಕತ್ತರಿಸಿದ್ದನ್ನು ನೋಡಿ, ಕಾಲೇಜಿನೋರು ಸಾರಿಗೆ ಹೆಚ್ಚೋ ಹಂಗೆ ಹೆಚ್ತಾರೆ ಎಂದು ಚಾಕು ವಾಪಸ್ ಇಸಿದುಕೊಂಡಳು.

ಸಂಚಿಕೆಯ ವಿಷಯ ಹೇಳಿದೆ. ಆಮೇಲೆ ನನಗೆ ನೆನಪಿರುವ ಚಿತ್ರವನ್ನು ಹೇಳಿದೆ.

‘ಅಯ್ಯೋ, ನೀನೆಲ್ಲಿದ್ದೆ ಕಣೇ ಆಗ?’ ಎಂದಳು. ‘ನಿಮ್ಮವ್ವ ಇನ್ನೂ ನಮ್ಮನೆಗೆ ಸೊಸೆಯಾಗಿ ಬಂದೇ ಇರ್ಲಿಲ್ಲ. ನಿಮ್ಮಪ್ಪಂಗೆ ಮೀಸೆನೇ ಸರ್ಯಾಗಿ ಬಂದಿರ್ಲಿಲ್ಲ.’

ಲಂಗ ನೀಲಿಯಲ್ಲವೇ ಎಂದೆ. ಯೂನಿಫಾರಂ ಬಂದಿದ್ದೇ ಎಷ್ಟೋ ವರ್ಷದ ಮೇಲೆ, ಅವತ್ತು ಉಟ್ಟಿದ್ದು ಅಜ್ಜಿಯ ಹಳೇ ಸೀರೆಯಲ್ಲಿ ಹೊಲಿಸಿದ ಲಂಗ ಎಂದಳು. ನೀರು ಸುರಿದದ್ದು ನಿಜ. ಆದರೆ ಅತ್ತದ್ದು ಅವಳಲ್ಲ, ಅಜ್ಜಿ. ನೀಲಿ ಲಂಗ ಉಟ್ಟವಳು ನಾನೇ ಇರಬೇಕು, ನನ್ನ ಕಾಲದ್ದು. ಅಜ್ಜಿ ಯಾವಾಗಲೋ ಹೇಳಿದ್ದನ್ನು ಕೇಳಿ, ನನ್ನ ಬಟ್ಟೆ ತೊಡಿಸಿ, ನನ್ನದೇ ನೆನಪೆಂದು ಇಷ್ಟು ವರ್ಷ ಇಟ್ಟುಕೊಂಡಿದ್ದೆ.

ಮನೆಗೆ ಸುದ್ದಿ ಮುಟ್ಟಿಸಿದ್ದು ಯಾರು ಎಂದು ಕೇಳಿದೆ.

‘ಇನ್ಯಾರು, ನಾನೇಯ. ಸಿಸ್ಟರ್ ಎಲ್ರ ಮುಂದೆ ನನ್ನ ಹೊಗಳಿದ್ರು ಕಣೇ, ಇವಳ ಹಾಗೆ ತಿಕ್ಕಬೇಕು ಅಂತ. ಬಹುಮಾನ ಬಂದಂಗೆ ಓಡ್ಬಂದು ಹೇಳ್ಬುಟ್ಟೆ. ಮನೇಲಿ ಕಕ್ಕಸೇ ಇರ್ಲಿಲ್ಲ, ಎಲ್ರೂ ಹೊಲಕ್ಕೆ ಹೋಗೋರು. ಅದನ್ನ ತೊಳ್ದರೆ ಮೈಲಿಗೆ ಅಂತ ನಂಗೇನು ಗೊತ್ತು?’

ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಹೇಳಿದ್ದು ನಮ್ಮ ಮನೆಯ ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಅವಳನ್ನು ಶಾಲೆಗೆ ಕಳಿಸುವುದು ನಿಂತ ಮೇಲೆ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿಕೊಂಡು ಆ ಮೊದಲ ಹೆಡ್ ಸಿಸ್ಟರ್ ಕಾಲುವೆ ಏರಿಯ ಮೇಲೆ ನಡೆದು ನಮ್ಮ ಮನೆಗೆ ಬಂದರಂತೆ. ತಾತ ಜಗಲಿಯಲ್ಲಿ ಕುರ್ಚಿ ಹಾಕಿಸಿದರು. ಬೇರೆ ಜಾತಿಯವರಿಗೆಂದು ಜಗಲಿಯ ಗೂಡಿನಲ್ಲಿ ಒಂದು ಗಾಜಿನ ಲೋಟ ಇರುತ್ತಿತ್ತು, ಅದರಲ್ಲಿ ಕಾಫಿ ಕೊಡಿಸಿದರು. ಅತ್ತೆ ಬಾಗಿಲ ಹಿಂದೆ ನಿಂತಿದ್ದಳು.

ತಾತ ಒರಟರಲ್ಲ. ಹುಡುಗಿ ಓದಲಿ, ನನ್ನದೇನೂ ಅಡ್ಡಿಯಿಲ್ಲ, ಆ ಒಂದು ಕೆಲಸದಿಂದ ಅವಳನ್ನು ಬಿಟ್ಟುಬಿಡಿ, ನಾಳೆಯೇ ಕಳಿಸುತ್ತೇನೆ ಎಂದರಂತೆ. ಬೇಕಾದರೆ ಅವಳ ಬದಲಿಗೆ ಒಬ್ಬ ಆಳನ್ನು ಕಳಿಸುತ್ತೇನೆ ಎಂದೂ ಹೇಳಿದರು. ಅದಕ್ಕೆ ಸಿಸ್ಟರ್ ಹೇಳಿದ್ದನ್ನು ಅತ್ತೆ ಅವರ ದನಿಯಲ್ಲೇ ಹೇಳಿ ತೋರಿಸಿದಳು, ಆದರೆ ಹಾಸ್ಯಕ್ಕಲ್ಲ.

‘ಗೌಡ್ರೇ, ನಿಮ್ಮ ಮಗಳ ಪಕ್ಕದಲ್ಲಿ ಒಂದು ಹುಡುಗಿ ಕೂತುಕೊಳ್ತದೆ. ಅದರ ತಾಯಿ ಊರಿನ ಕಕ್ಕಸು ಬಳಿಯುವವಳು. ಇವಳನ್ನು ಬಿಟ್ಟರೆ ನಾಳೆ ಇನ್ನೊಬ್ಬರು ಕೇಳ್ತಾರೆ, ಆಮೇಲೆ ಪೊರಕೆ ಆ ಹುಡುಗಿಯ ಕೈಯಲ್ಲೇ ಉಳೀತದೆ. ಅದಕ್ಕೆ ನಾನು ಎಂತ ಹೇಳಲಿ?’

ತಾತನೂ ಬಾಗಲಿಲ್ಲ. ಸಿಸ್ಟರ್ ಎದ್ದು, ತಾವು ಕುಡಿದ ಲೋಟವನ್ನು ತಾವೇ ಹಿತ್ತಿಲಿಗೆ ಒಯ್ದು ತೊಳೆದು ತಂದು, ಗೂಡಿನಲ್ಲಿ ಬೋರಲು ಹಾಕಿ ಹೋದರಂತೆ. ಆ ಲೋಟದಲ್ಲಿ ಕುಡಿದವರೇ ತೊಳೆದಿಡಬೇಕೆಂಬ ನಮ್ಮ ಮನೆಯ ನಿಯಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

‘ಇಬ್ರೂ ಮಾತಾಡಿದ್ದು ನನ್ ವಿಷ್ಯನೇಯ,’ ಎಂದಳು ಅತ್ತೆ. ‘ನಾನು ಅಲ್ಲೇ ಇದ್ದೆ. ನಂಗೆ ತೊಳೆಯೋಕೆ ಬೇಜಾರೇ ಇರ್ಲಿಲ್ಲ. ಹತ್ತನೇದು ಮುಗಿಸಿ ಹಾಸನದಲ್ಲಿ ಟೀಚರ್ ಟ್ರೇನಿಂಗ್ ಮಾಡ್ಬೇಕು ಅಂತಿತ್ತು, ಲೆಕ್ಕ ಚೆನ್ನಾಗಿ ಬರ್ತಿತ್ತು. ಯಾರೂ ಕೇಳ್ಲಿಲ್ಲ.’

ಆ ಪಕ್ಕದ ಹುಡುಗಿ ಏನಾದಳು ಎಂದು ಕೇಳಿದೆ. ಹತ್ತನೆಯದು ಮುಗಿಸಿ ನರ್ಸ್ ಆದಳಂತೆ. ಆಸ್ಪತ್ರೆಯಲ್ಲಿ ಒಮ್ಮೆ ಅತ್ತೆಯ ಗುರುತು ಹಿಡಿದು ಕೈ ಹಿಡಿದುಕೊಂಡಳಂತೆ. ಅವಳು ಸೂಜಿ ಚುಚ್ಚಿದರೆ ನೋವೇ ಆಗಲ್ಲ ಎಂದು ಅತ್ತೆ ಹೇಳುವಾಗ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇರಲಿಲ್ಲ ಎಂದು ನನಗೆ ಅನ್ನಿಸಿತು.

ನಿನ್ನ ವಿಷಯ ಬರೆಯಲೇ ಎಂದೆ. ಬರಿ ಎಂದಳು. ಆದರೆ ಸಿಸ್ಟರನ್ನು ಬಯ್ಯುವ ಹಾಗೆ ಬರೆಯಬೇಡ, ನನ್ನಪ್ಪನನ್ನೂ ಬಯ್ಯಬೇಡ. ಹಾಗಾದರೆ ಯಾರನ್ನ ಬಯ್ಯಲಿ ಎಂದು ತಮಾಷೆಗೆ ಕೇಳಿದೆ. ‘ನಿನ್ನೇ ಬಯ್ಕೋ, ಕತ್ತರ್ಸೋಕೆ ಬರಲ್ಲ,’ ಎಂದಳು.

ಸಂಚಿಕೆಗೆ ಬರೆದದ್ದು ಮುಗಿದಿದೆ. ಒಬ್ಬ ಹುಡುಗಿಯೂ ಬಿಟ್ಟುಹೋಗಲಿಲ್ಲ ಎಂಬ ವಾಕ್ಯವನ್ನು ತೆಗೆದು, ಒಬ್ಬಳು ಹೋದಳು ಎಂದು ಬರೆದಿದ್ದೇನೆ. ಹೆಡ್ ಸಿಸ್ಟರ್ ಓದಿ, ಇದು ಇರಲಿ, ಆದರೆ ನಮ್ಮ ಹಿರಿಯರು ಮಾಡಿದ್ದು ಸರಿಯೋ ತಪ್ಪೋ ಎಂದು ನೀವು ಹೇಳುವುದೇ ಇಲ್ಲವಲ್ಲ ಎಂದರು. ಹೇಳಲು ನನಗೆ ಬರುವುದಿಲ್ಲ. ಆ ಸಿಸ್ಟರ್ ಬಾಗಿದ್ದರೆ ಆ ಪಕ್ಕದ ಹುಡುಗಿ ನರ್ಸ್ ಆಗುತ್ತಿದ್ದಳೋ ಇಲ್ಲವೋ. ಬಾಗಲಿಲ್ಲ, ಅದರ ಬೆಲೆಯನ್ನು ಬಾಗಿಲ ಹಿಂದಿದ್ದವಳು ತೆತ್ತಳು. ಹೇಳುವ ಹಕ್ಕು ಇರುವುದು ಒಬ್ಬಳಿಗೇ. ಅವಳನ್ನು ಅವತ್ತೇ, ಬಸ್ಸಿಗೆ ಹೊರಡುವ ಮುಂಚೆ ಕೇಳಿದ್ದೆ. ಅತ್ತೆ ಕೈಲಿದ್ದ ಗಡ್ಡೆಯನ್ನು ಒಂದೆರಡು ಸಲ ತಿರುಗಿಸಿದಳು, ಕತ್ತರಿಸದೆ ರಾಶಿಗೇ ಹಾಕಿದಳು, ಎದ್ದು ಒಳಗೆ ಹೋಗಿ ನನಗೆ ಕೊಟ್ಟುಕಳಿಸಲು ತೆಂಗಿನಕಾಯಿ ತಂದಳು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ, ಮಳೆ, ಬಿತ್ತನೆ, ಮೊಮ್ಮಗುವಿನ ಜ್ವರ, ಎಲ್ಲವನ್ನೂ. ಇದೊಂದನ್ನು ಬಿಟ್ಟು. ನಾನು ಕೇಳಿದ್ದು ಇಷ್ಟು: ‘ಅತ್ತೆ, ಅವತ್ತು ಸಿಸ್ಟರ್ ತಾತನ ಮಾತಿಗೆ ಒಪ್ಪಿ ನಿನ್ನೊಬ್ಬಳನ್ನ ಬಿಟ್ಟಿದ್ದರೆ, ನೀನು ಆ ಹುಡುಗಿ ಪಕ್ಕ ಹೋಗಿ ಕೂರ್ತಿದ್ದೆಯಾ?’